ಪರಿಮಳಾ ಅಕ್ಕೋರು ಸೇರಿಸಿದ ಸಾಲು

ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಸಿದ್ದಾಪುರ ತಾಲೂಕಿನ ಒಳಹಳ್ಳಿಯಲ್ಲಿರುವ, ಹದಿಮೂರು ಮಕ್ಕಳ ನಮ್ಮ ಶಾಲೆಗೆ ಪರಿಮಳಾ ಅಕ್ಕೋರು ಹುಲಗೋಳದಿಂದ ಸ್ಕೂಟಿಯಲ್ಲಿ ಬರುತ್ತಾರೆ. ಮೂರನೆಯ ತರಗತಿಯವರೆಗೆ ಅವರದು, ಉಳಿದದ್ದು ನನ್ನದು. ಬಡ್ತಿ ಬಂದಾಗಲೂ ಸಣ್ಣ ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದವರು. ಅವರಷ್ಟು ಚೆಂದ ಕತೆ ಓದುವವರನ್ನು ನಾನು ಕಂಡಿಲ್ಲ. ಅದೇ ಅವರಿಗೆ ಮುಳುವಾಯಿತು.

ನೀರಹನಿಯೊಂದು ಆವಿಯಾಗಿ, ಮೋಡವಾಗಿ, ಮಳೆಯಾಗುವ ಚಿತ್ರಪುಸ್ತಕವೊಂದು ನಮ್ಮಲ್ಲಿದೆ. ಅಕ್ಕೋರು ಅದನ್ನು ಇದ್ದಂತೆ ಓದುವವರಲ್ಲ. ಅವರ ಹನಿ ನಮ್ಮೂರ ಹಳ್ಳದಲ್ಲಿ ಹೊರಟು, ಅಘನಾಶಿನಿ ಸೇರಿ, ಸಮುದ್ರಕ್ಕೆ ಇಳಿದು, ಮೋಡದ ಜೊತೆ ಘಟ್ಟ ಹತ್ತಿ ಬರುತ್ತದೆ. ಕೊನೆಗೆ ಅವರದೇ ಒಂದು ಸಾಲು: "ಹಳ್ಳದಲ್ಲಿ ಹೋದದ್ದೆಲ್ಲ ಮಳೆಯಲ್ಲಿ ತಿರುಗಿ ಬರ್ತದೆ." ಮಕ್ಕಳು ಅದನ್ನು ಕುಣಿಕುಣಿದು ಹೇಳುತ್ತಿದ್ದರು.

ಆ ಹಳ್ಳಕ್ಕೆ ವರ್ಷವೂ ಮಳೆಗಾಲದ ಮೊದಲು ಮನೆಗೊಂದು ಅಡಿಕೆ ಮರ ತಂದು ದಾಟಲು ಹೊಸ ಸಂಕ ಹಾಕುವುದು ಊರಿನ ರೂಢಿ. ಕಳೆದ ವರ್ಷ ಹಾಕಲಿಲ್ಲ. ಸಿಮೆಂಟಿನ ಸಂಕವೇ ಆಗುತ್ತದೆಂದು ಯಾರೋ ಬಂದು ಅಳತೆ ಮಾಡಿ ಹೋಗಿದ್ದರು. ಟೇಪಿನ ಒಂದು ತುದಿ ಹಿಡಿದವನು ನಾನೇ. ಜುಲೈನಲ್ಲಿ ಗದ್ದೆಯ ನೆಟ್ಟಿ ಮುಗಿಸಿ ಬರುತ್ತಿದ್ದ ದುರ್ಗಿಯ ಕಾಲಡಿ ಹಳೆಯ ಸಂಕ ಮುರಿಯಿತು. ಎಂಟು ದಿನ ಹುಡುಕಿದರೂ ಹೆಣ ಸಿಗಲಿಲ್ಲ.

ಎರಡನೆಯ ತರಗತಿಯ ದಿವ್ಯಾ ಅವಳ ಮಗಳು. ಹುಡುಗಿ ಅಳಲೇ ಇಲ್ಲ. ಎಂಥ ಗಟ್ಟಿ ಕೂಸು ಎಂದು ನಾವೆಲ್ಲ ಹೊಗಳಿದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ತಿಂಗಳ ಮೇಲೆ ಅವಳ ಅಪ್ಪ ರಾಘು ಶಾಲೆಗೆ ಬಂದ.

"ಅಕ್ಕೋರೆ, ಮಳೆ ಬಂತಂದ್ರೆ ಕೂಸು ಹಳ್ಳದ ಬದಿಗೆ ಹೋಗಿ ನಿಂತ್ಕಳ್ತದೆ. ಕರದ್ರೆ ಬರೂದಿಲ್ಲ. ಅಮ್ಮ ತಿರುಗಿ ಬತ್ತದೆ, ಅಕ್ಕೋರು ಓದಿದಾರೆ ಅಂತದೆ. ಎಂತ ಓದಿದ್ರಿ ನೀವು?"

ಅವನು ಹೋದ ಮೇಲೆ ಅಕ್ಕೋರು ನನ್ನ ಹತ್ತಿರ ಬಂದು ನಿಂತರು. "ಆ ಸಾಲು ಪುಸ್ತಕದಲ್ಲಿ ಇತ್ತಿಲ್ಲೆ ಮಾಸ್ತರೇ. ಆನೇ ಸೇರ್ಸಿದ್ದಿ," ಎಂದು ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು.

ಮರುದಿನ ಬಿಸಿಯೂಟದ ಒಲೆಯ ಮೇಲೆ ಉಪ್ಪುನೀರು ಕುದಿಸಿ, ಅದರ ಮೇಲೆ ತಟ್ಟೆ ಹಿಡಿದರು. ತಟ್ಟೆಗೆ ಕಟ್ಟಿದ ಹನಿಯನ್ನು ನೆಕ್ಕಿದ ಮಕ್ಕಳು "ಸಪ್ಪೆ!" ಎಂದು ಕೂಗಿದರು. ನೀರೆಲ್ಲ ಆರಿದ ಪಾತ್ರೆಯಲ್ಲಿ ಬರೀ ಉಪ್ಪು ಉಳಿಯಿತು.

"ನೋಡಿ, ಮೇಲೆ ಹೋಗಿ ತಿರುಗಿ ಬರೂದು ನೀರೊಂದೇ. ನಾನು ಓದಿದ್ದು ತಪ್ಪು. ನೀರಲ್ಲಿ ಇದ್ದದ್ದು ಬರೂದಿಲ್ಲ. ತಳದಲ್ಲೇ ಉಳೀತದೆ," ಎಂದರು ಅಕ್ಕೋರು.

ದಿವ್ಯಾ ಉಪ್ಪಿನ ಮೇಲೆ ಬೆರಳಿಟ್ಟು ಕೇಳಿದಳು: "ಹಂಗಾರೆ ಅಮ್ಮ ತಳದಲ್ಲೇ ಅದಾಳಾ?"

ಹದಿನೆಂಟು ವರ್ಷ ಪಾಠ ಮಾಡಿದ ಅಕ್ಕೋರು ಅವಳ ಬೆರಳಿಗಂಟಿದ ಉಪ್ಪನ್ನು ಸೆರಗಿನಿಂದ ಒರೆಸಿದರು. ಬಾಗಿಲಲ್ಲಿ ನಿಂತಿದ್ದ ನಾನು ಹೋಗಿ ಊಟದ ಗಂಟೆ ಹೊಡೆದೆ.

ದಿವ್ಯಾ ಮಳೆಯಲ್ಲಿ ನಿಲ್ಲುವುದನ್ನು ಬಿಟ್ಟಳು. ಪೀಡೆ ಕಳೆಯಿತೆಂದುಕೊಂಡೆ. ಮಾರ್ಚಿನಲ್ಲಿ ಹಳ್ಳ ಬತ್ತಿ, ಸಂಕದ ಕೆಳಗಿನ ಗುಂಡಿಯಲ್ಲಿ ಮಾತ್ರ ಮೊಣಕಾಲುದ್ದ ನೀರು ಉಳಿಯಿತು. ಒಂದು ದಿನ ಶಾಲೆ ಬಿಟ್ಟ ಮೇಲೆ ನೋಡುತ್ತೇವೆ, ಹುಡುಗಿ ಅಲ್ಲಿ ಕುಳಿತು ತೆಂಗಿನ ಗರಟೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಾಳೆ. ಹುಡುಕಿದವರು ಮೊದಲು ಜಾಲಾಡಿದ್ದೇ ಆ ಗುಂಡಿಯನ್ನು, ಅಲ್ಲಿ ಏನೂ ಇಲ್ಲವೆಂದು ನಮಗೆ ಗೊತ್ತಿತ್ತು. ನಾನು ಗದರಿಸಲು ಹೊರಟೆ.

"ಸುಮ್ನಿರಿ ಮಾಸ್ತರೇ. ಒಂದ್ಸಲ ಕೂಸೇ ನೋಡ್ಲಿ," ಎಂದು ಅಕ್ಕೋರು ತಡೆದರು. ಶಾಲೆಯಿಂದ ಎರಡು ಬಕೆಟ್ ತಂದು, ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದೇಬಿಟ್ಟರು. ಇನ್ನೊಂದು ಬಕೆಟ್ ಹಿಡಿದು ನಾನೂ ಇಳಿದೆ. ಹೊತ್ತು ಮುಳುಗುವವರೆಗೆ ಮೂವರೂ ಮೊಗೆದೆವು.

ತಳ ಕಂಡಿತು. ಮರಳು, ಕೊಳೆತ ಎಲೆ, ಮುರಿದ ಸಂಕದ ಒಂದು ತುಂಡು. ದಿವ್ಯಾ ಮರಳನ್ನೆಲ್ಲ ಕೈಯಿಂದ ಕೆದಕಿ ನೋಡಿದಳು.

"ಇಲ್ಲೂ ಇಲ್ಲ," ಎಂದಳು.

ಆಮೇಲೆ ಅಕ್ಕೋರ ಒದ್ದೆ ಸೀರೆಯಲ್ಲಿ ಮುಖ ಹುದುಗಿಸಿ, ಎಂಟು ತಿಂಗಳು ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳು.