ತಪಕೀರಿ ಹಿಡಿಯ ತಾರವ್ವ

ಕೋಲ್ಹಾಪುರದ ಉದ್ಯಮನಗರಕ್ಕೆ ಬೆಳಕು ಹರಿಯುವ ಮೊದಲೇ ಬರಬೇಕೆಂದು ತಾರವ್ವ ಹೇಳಿ ಕಳಿಸಿದಾಗ, ಆಕೆಯ ಕೆಲಸ ಕಂಡು ಬರೆಯಬೇಕೆಂದಿದ್ದ ನನಗೆ ಸಿಟ್ಟೇ ಬಂದಿತ್ತು. ಕಣ್ಣುಜ್ಜುತ್ತ ಹೋಗಿ ನೋಡಿದರೆ ಆಕೆ ಆಗಲೇ ಕಚ್ಚೆ ಬಿಗಿದು ಕಾರಖಾನೆಯ ಪ್ರೆಸ್ಸಿನ ಮುಂದೆ ನಿಂತಿದ್ದಾಳೆ. ಮೊಣಕೈವರೆಗೂ ಕಂದು ಪುಡಿ. ಪ್ರೆಸ್ಸಿನ ನೆತ್ತಿಗೆ ಅರಿಸಿನ ಮೆತ್ತಿದೆ. ಕಾದ ಅಚ್ಚಿಗೆ, ಬಿಸಿಯಲ್ಲಿ ಒತ್ತಿದರೆ ಕಲ್ಲಿನಂತಾಗುವ ಬೇಕಲೈಟ್ ಪುಡಿ ಸುರಿದು, ಮೈಭಾರವನ್ನೆಲ್ಲ ಹಾಕಿ ಚಕ್ರ ತಿರುಗಿಸುತ್ತಾಳೆ. ತುಸು ಹೊತ್ತಿಗೆ ಬಂದೂಕಿನ ಹಿಡಿಯೊಂದು ಹೊರಬರುತ್ತದೆ.

ಅದು ಆರಿದ ಮೇಲೆ ಹಾಸುಗಲ್ಲಿನ ಮೇಲಿಟ್ಟು, ಮೊಣಕಾಲೆತ್ತರದಿಂದ ಕಬ್ಬಿಣದ ತೂಕವನ್ನು ಅದರ ಮೇಲೆ ಬಿಡುತ್ತಾಳೆ. ಸರಕಾರ ಕಿಲೋ ತಂದಮೇಲೆ ಯಾವುದೋ ಅಂಗಡಿಯವರು ಮೂಲೆಗೆಸೆದ ಹಳೆಯ ಸೇರಿನ ತೂಕ ಅದು. ನಾನು ಕಣ್ಣು ಮುಚ್ಚುತ್ತೇನೆ. ಹಿಡಿ ಒಡೆದಿಲ್ಲ.

"ಈಗ ಕೆಲಸಾ ಸುರು ಮಾಡೂದ್ರಿ," ಎನ್ನುತ್ತಾಳೆ.

ತಾರವ್ವ ಗಡಹಿಂಗ್ಲಜ ಕಡೆಯ ಕುರುಬರ ಹೆಣ್ಣುಮಗಳು. ಗಂಡ ಮಲ್ಲಾರಿ ಕುರಿಗಳ ಹಿಂದೆ ಹೋದರೆ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಮೊದಲು ಇಚಲಕರಂಜಿಯ ಮಗ್ಗಗಳಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹತ್ತಿಯ ಧೂಳಿಗೆ ಕೆಮ್ಮು ಹಿಡಿದು, ದಾದಾಸಾಹೇಬರ ಈ ಸಣ್ಣ ಕಾರಖಾನೆಗೆ ಬಂದಳು. ಈಗ ದಿನಕ್ಕೆ ಎಪ್ಪತ್ತು ಎಂಬತ್ತು ಹಿಡಿ ಇಳಿಸುತ್ತಾಳೆ, ಎಲ್ಲವೂ ಕಂದು. ನಶ್ಯದ ಬಣ್ಣವಾದ್ದರಿಂದ ಇಲ್ಲಿಯವರ ಬಾಯಲ್ಲಿ ಅದು ತಪಕೀರಿ.

ಕರಿ ಹಿಡಿಗೆ ಬೇರೆ ಆಳುಗಳಿದ್ದಾರೆ. ಕರಿ ಪುಡಿ ಚೀಲದಲ್ಲಿ ತಯಾರಾಗಿಯೇ ಬರುತ್ತದೆ, ಸುರಿದು ಒತ್ತಿದರಾಯಿತು. ಬೆಳೆ ಕಾಯುವ ರೈತರಿಗೆ ಮಾತ್ರ ಬಂದೂಕಿನ ಹಿಡಿ ಮರದ ಬಣ್ಣದ್ದೇ ಬೇಕು. ಆ ಬಣ್ಣವನ್ನು ಕೈಯಿಂದ ಕಲಸಬೇಕು. ಕಲಸುವವಳು ತಾರವ್ವ ಒಬ್ಬಳೇ.

ಹೋದ ವರ್ಷ ಉತ್ತೂರಿನ ಪರಪ್ಪ ಎಂಬ ರೈತ ಶೇಂಗಾದ ಹೊಲಕ್ಕೆ ನುಗ್ಗಿದ ಹಂದಿಗಳ ಮೇಲೆ ಗುಂಡು ಹಾರಿಸಿದಾಗ ತಪಕೀರಿ ಹಿಡಿ ಕೈಯಲ್ಲೇ ಸೀಳಿ ಅಂಗೈ ಹರಿಯಿತು. ಬಂದೂಕಿನ ಅಂಗಡಿಯವನು ಹಿಡಿಗಳ ಪೆಟ್ಟಿಗೆಯನ್ನೇ ತಿರುಗಿ ಕಳಿಸಿದ. ಇಂಥ ಹೊತ್ತಿನಲ್ಲಿ ಕಾರಖಾನೆಯಲ್ಲಿ ಎಲ್ಲರೂ ಪಂಡಿತರೇ. ಬಣ್ಣ ಬೆರೆಸಿದರೆ ಬೇಕಲೈಟಿನ ಕಸುವು ಹೋಗುತ್ತದೆ ಎಂದು ತೀರ್ಪಾಯಿತು. "ಕರೇದು ಒಂದೂ ಒಡದಿಲ್ಲ. ಇನ್ನ ಬಣ್ಣ ಬಂದ್," ಎಂದರು ದಾದಾಸಾಹೇಬರು. ಬಣ್ಣ ಬಂದಾದರೆ ತಾರವ್ವನ ಕೆಲಸವೂ ಬಂದ್.

"ನನಗ ಭಾಳ ಸಂಕಟಾ ಆತ್ರಿ. ಬಣ್ಣದ್ದs ತಪ್ಪಿದ್ರ ನಾನs ಊರ ಹಾದಿ ಹಿಡಿತೇನಿ ಮಾಲಕ್ರ, ಆದ್ರ ಮೊದ್ಲ ಒಡದ ನೋಡೂಣು ಅಂದ್ನಿ."

"ಬರಂ, ಆಗ್ಲಿ, ಒಡಿ. ಆಮ್ಯಾಲ ಅಳಬ್ಯಾಡ," ಎಂದರಂತೆ ಮಾಲೀಕರು.

ಕೆಲಸ ಮುಗಿದ ಮೇಲೆ ದಿನವೂ ಒಡೆದಳು. ಬಣ್ಣ ಇಮ್ಮಡಿ ಹಾಕಿದ ಹಿಡಿ ಮೊದಲ ಪೆಟ್ಟಿಗೇ ಚೂರಾಯಿತು. ಹದವಾಗಿ ಹಾಕಿದ್ದು ಕರಿ ಹಿಡಿಯಷ್ಟೇ ತಡೆಯಿತು. ಆದರೆ ಹದವಾಗಿ ಹಾಕಿದ್ದರಲ್ಲೂ ಕೆಲವು ಒಡೆದವು. ಏಕೆ? ಒಂದು ಬೆಳಿಗ್ಗೆ ಚೂರುಗಳನ್ನು ಬಾಗಿಲ ಬಿಸಿಲಿಗೆ ಹಿಡಿದು ನೋಡಿದಳು. ಒಡೆದ ಜಾಗದಲ್ಲಿ ಹಳದಿ ಚುಕ್ಕೆ.

"ನೋಡಿದ್ಕೂಡ್ಲೆ ಗುರ್ತ ಹತ್ತಿತ್ರಿ. ಅದು ನನ್ನ ಭಂಡಾರ."

ಭಂಡಾರ ಎಂದರೆ ಬೀರಪ್ಪ ದೇವರ ಅರಿಸಿನದ ಪುಡಿ. ಕುರುಬರ ಮನೆಯಲ್ಲಿ ಅದಿಲ್ಲದೆ ಯಾವ ಕೆಲಸವೂ ಮೊದಲಾಗುವುದಿಲ್ಲ. ತಾರವ್ವ ಬೆಳಿಗ್ಗೆ ಕಲಸುವ ಮೊದಲ ಬುಟ್ಟಿ ಪುಡಿಗೆ ಸೊಂಟದ ಸಂಚಿಯಿಂದ ಒಂದು ಚಿಟಿಕೆ ಹಾಕುತ್ತಿದ್ದಳು. ಅರಿಸಿನ ಗಂಟುಕಟ್ಟಿದಲ್ಲಿ ಬೇಕಲೈಟ್ ಕೂಡಿಕೊಳ್ಳುತ್ತಿರಲಿಲ್ಲ. ಕರಿ ಪುಡಿಗೆ ಆಕೆಯ ಕೈ ತಾಗುತ್ತಿರಲಿಲ್ಲ, ಹೀಗಾಗಿ ಕರಿ ಹಿಡಿ ಒಡೆಯಲಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿರಬಹುದಿತ್ತಲ್ಲ ಎಂದೆ. ಆಕೆ ನನ್ನನ್ನು ದಿಟ್ಟಿಸಿ ನೋಡಿದಳು.

"ಹೆಂಗ ಸುಮ್ನಿರೂದ್ರಿ? ಆ ಮನಷ್ಯಾನ ಕೈ ಹರದಿತ್ತು."

ಮಾಲೀಕರಿಗೆ ಆಕೆಯೇ ಹೇಳಿದಳು. ಅವರು ಬೈಯಲಿಲ್ಲ, ಬಣ್ಣದ ಕೆಲಸ ಬಂದ್ ಮಾಡಲೂ ಇಲ್ಲ. ಅಂದಿನಿಂದ ಭಂಡಾರ ಪ್ರೆಸ್ಸಿನ ನೆತ್ತಿಗೆ, ದಿನದ ಮೊದಲ ಹಿಡಿ ಕಬ್ಬಿಣದ ತೂಕದ ಹೊಡೆತಕ್ಕೆ. ಆದರೂ ಅಂಗಡಿಯವನು ಒಪ್ಪಲಿಲ್ಲ. ಪರಪ್ಪ ಮತ್ತೆ ತಪಕೀರಿ ಹಿಡಿದರೆ ಮಾತ್ರ ನಾನೂ ಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟ.

ಪರಪ್ಪ ಅಂಗಡಿಗೆ ಬಂದ ದಿನ ತಾರವ್ವ ಎರಡು ಹಿಡಿ ಒಯ್ದಿದ್ದಳು, ಒಂದು ಕರಿ, ಒಂದು ತಪಕೀರಿ. ಯಾವುದಾದರೂ ಒಯ್ಯಿರಿ, ತಪ್ಪು ನನ್ನದು ಎಂದು ಎಲ್ಲವನ್ನೂ ಹೇಳಿ ಕಬ್ಬಿಣದ ತೂಕವನ್ನು ಅವನ ಕೈಗೇ ಕೊಟ್ಟಳು. ಅವನು ತಪಕೀರಿಯ ಮೇಲೆ ಬಿಟ್ಟ, ಹೊರಳಿಸಿ ಮತ್ತೊಮ್ಮೆ ಬಿಟ್ಟ. "ಇದ್ರಾಗ ಭಂಡಾರ ಇಲ್ಲಲ್ಲವಾ ತಂಗಿ?" ಎಂದು ಕೇಳಿದ.

"ಇಲ್ರೀ ಅಣ್ಣಾರ, ಅಂದ್ನಿ."

ಆಮೇಲೆ ಅವನು ಯಾವುದನ್ನು ಒಯ್ದ ಎಂದು ಕೇಳುತ್ತೇನೆ. ತಾರವ್ವ ಮುಂದಿನ ಹಿಡಿಗೆ ಪುಡಿ ಸುರಿಯುತ್ತಿದ್ದಾಳೆ.

"ಕರೇದು ಮಗ್ಗಲದಾಗs ಇತ್ತು. ಹರದ ಕೈಲೇನs ತಪಕೀರಿ ಎತಗೊಂಡ್ರು."