ನೆಂಟರಿಲ್ಲದ ರಸ್ತೆ

ನಮ್ಮ ಕಡೆ ಹೆಂಗಸೊಬ್ಬಳು ಎಷ್ಟು ದೂರ ಹೋದರೂ ಅವಳ ಗುರುತು ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತದೆ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಅಪ್ಪನ ಕಡೆಯವರು, ಸುಳ್ಯದಲ್ಲಿ ಇಳಿದರೆ ಗಂಡನ ಕಡೆಯವರು, ಕಡಬದ ಪೇಟೆಯಲ್ಲಿ ಎರಡೂ ಕಡೆಯವರು. ನೀನು ನರಿಮೊಗರಿನವಳಲ್ಲವಾ ಎಂದು ಯಾರಾದರೂ ಕೇಳದೆ ಒಂದು ಸೋಡಾ ಕುಡಿಯಲೂ ಆಗುತ್ತಿರಲಿಲ್ಲ. ಇಂಥ ಊರಿನಲ್ಲಿ ನನಗೆ ಬೈಕ್ ಬಿಡುವ ಆಸೆ ಹುಟ್ಟಿತು. ಹಿಂದೆ ಕೂರುವುದಲ್ಲ, ಮುಂದೆ ಕೂತು ಬಿಡುವುದು.

ನನ್ನ ಮದುವೆಯಾದದ್ದು ಎಪ್ಪತ್ತರ ದಶಕದ ಕೊನೆಗೆ. ಇವರಿಗೆ ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸು. ಅತ್ತೆ ಮಾವ ಸುಳ್ಯದ ಮನೆಯಲ್ಲಿ. ಇವರ ಬಳಿ ಒಂದು ಹಳೆಯ ಬುಲೆಟ್ಟು ಇತ್ತು. ಫಾರ್ಮಿನ ಗುಡ್ಡ ಎಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲು ಮತ್ತು ದನ, ಮನುಷ್ಯರ ಸುಳಿವಿಲ್ಲ. ಅಲ್ಲಿಯೇ ಇವರು ನನಗೆ ಕಲಿಸಿದರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಾನು ಬೈಕ್ ಬಿಡುವುದನ್ನು ಕಂಡ ದನಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ಒಮ್ಮೆ ನೋಡಿದವು, ಆಮೇಲೆ ಪುನಃ ಮೆಲುಕು ಹಾಕಿದವು. ಅಷ್ಟು ಮರ್ಯಾದಸ್ಥ ನೋಡುಗರು ನನಗೆ ಮತ್ತೆ ಸಿಗಲಿಲ್ಲ. ಆದರೆ ಗುಡ್ಡದಲ್ಲಿ ಸುತ್ತಿ ಸುತ್ತಿ ಸಾಕಾಯಿತು. ನನಗೆ ರಸ್ತೆ ಬೇಕಿತ್ತು.

"ನೀನು ಇಲ್ಲಿ ರಸ್ತೆಗಿಳಿದ್ರೆ ಅಮ್ಮನಿಗೆ ಅನ್ನ ಸೇರ್ಲಿಕ್ಕಿಲ್ಲ ಮಾರಾಯ್ತಿ," ಎಂದರು ಇವರು. "ಗುರುತಿನವರು ಒಬ್ಬರೂ ಇಲ್ಲದ ಊರಿಗೇ ಹೋಗ್ಬೇಕಷ್ಟೆ."

ಅಂದರೆ ಪರದೇಶ. ನಮ್ಮ ಲೆಕ್ಕದಲ್ಲಿ ಪರದೇಶ ಎಂದರೆ ನೆಂಟರಿಲ್ಲದ ಊರು. ಇವರು ತಮಾಷೆಗೆ ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಯಾವ ಪರದೇಶ ಎಂಬುದು ಕಡಬದಾಚೆಯ ರಬ್ಬರ್ ತೋಟದಲ್ಲಿ ತೀರ್ಮಾನವಾಯಿತು. ಸಿಲೋನಿನ ಚಹಾ ತೋಟಗಳಿಂದ ವಾಪಸು ಬಂದ ತಮಿಳರನ್ನು ಸರಕಾರ ನಮ್ಮ ಕಡೆಯ ರಬ್ಬರ್ ತೋಟಗಳಿಗೆ ಕರೆತಂದು ಕೆಲಸ ಕೊಟ್ಟಿತ್ತು. ಅವರ ಕಾಲನಿಯ ದನಗಳಿಗೆ ಇಂಜೆಕ್ಷನ್ ಕೊಡಲು ಇವರು ಹೋಗುವಾಗ ನಾನೂ ಹಿಂದೆ ಕೂತು ಹೋಗುತ್ತಿದ್ದೆ. ಅಲ್ಲಿ ರಬ್ಬರ್ ಹಾಲು ತೆಗೆಯುವ, ನನ್ನದೇ ಪ್ರಾಯದ ಒಬ್ಬಳ ಸ್ನೇಹವಾಯಿತು. ಅವಳು ಹುಟ್ಟಿದ್ದು ಬದುಳೆ ಎಂಬ ಊರಿನ ಬೆಟ್ಟದಲ್ಲಿ. ಅಪ್ಪ ಅಮ್ಮನ ಜೊತೆ ಹಡಗು ಹತ್ತುವಾಗ ಅವಳಿಗೆ ಲಂಗ ದಾವಣಿಯ ಪ್ರಾಯ. ಅಣ್ಣ ಮಾತ್ರ ಅಲ್ಲೇ ಉಳಿದಿದ್ದ.

ಇವರು ದನ ನೋಡಿ ಮುಗಿಸುವಷ್ಟು ಹೊತ್ತು ಅವಳು ನನಗೆ ಆ ಬೆಟ್ಟದ ರಸ್ತೆಗಳನ್ನು ವಿವರಿಸುತ್ತಿದ್ದಳು. ಮಂಜು ಎದ್ದ ಮೇಲಷ್ಟೇ ಕಾಣುವ ಜಲಪಾತ, ಚಹಾ ಗಿಡಗಳ ನಡುವೆ ರಸ್ತೆಯ ಪಕ್ಕಕ್ಕೇ ಬಂದು ಪುನಃ ದೂರವಾಗುವ ರೈಲು, ತಿರುವು ದಾಟಿದ ಕೂಡಲೇ ಕೆಳಗೆ ಕಾಣುವ ಬೇರೆಯೇ ಒಂದು ಸೀಮೆ. ನಮ್ಮಲ್ಲಿ ಆಟಿ ತಿಂಗಳ ಮಳೆ ಹೊಡೆಯುವಾಗ ಆ ಬೆಟ್ಟದ ಅವಳ ಬದಿಯಲ್ಲಿ ಬಿಸಿಲಂತೆ. ಹೇಳುತ್ತಾ ಹೇಳುತ್ತಾ ಅವಳ ಕನ್ನಡ ಮುಗಿದು ತುಳು, ತುಳು ಮುಗಿದು ತಮಿಳು ಶುರುವಾಗುತ್ತಿತ್ತು. ನಾವು ಅಲ್ಲಿಗೇ ಹೋಗುವ ಯೋಚನೆಯಲ್ಲಿದ್ದೇವೆ ಎಂದಾಗ ಅವಳು ರಬ್ಬರ್ ಹಾಲಿನ ಬಾಲ್ದಿಯನ್ನು ಕೆಳಗಿಟ್ಟಳು.

"ನಾನು ಇನ್ನು ಹೋಗ್ಲಿಕ್ಕಿಲ್ಲ ಅಕ್ಕ. ನೀವಾದ್ರೂ ನೋಡಿ ಬಂದು ಹೇಳಿ," ಎಂದಳು.

ಅಂದಿನಿಂದ ಆಟ ನಿಂತು ಕೆಲಸ ಶುರುವಾಯಿತು. ರಾಮೇಶ್ವರದಿಂದ ಹಡಗು ಉಂಟು, ಬೈಕನ್ನೂ ಹಾಕಿಕೊಂಡು ಹೋಗುತ್ತಾರೆ ಎಂದು ಇವರು ವಿಚಾರಿಸಿ ತಿಳಿದರು. ಶಾಲೆಯ ಅಟ್ಲಾಸಿನ ಮೇಲೆ ಹೊಲಿಗೆಯ ನೂಲು ಇಟ್ಟು ದಾರಿ ಅಳೆದೆವು. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಕ್ವಾರ್ಟರ್ಸಿಗೇ ಬಂದದ್ದರಿಂದ ಎರಡೂ ಮನೆಗಳಿಗೆ ಸುದ್ದಿ ಹೋಗಲಿಲ್ಲ. ಇವರ ಪ್ಯಾಂಟೊಂದರ ಸೊಂಟ ಹಿಡಿದು ನನಗಾಗುವಂತೆ ಹೊಲಿದುಕೊಂಡೆ.

ಸಮಯ ಹುಡುಕಿದವಳು ನಾನೇ. ಆಟಿ, ಅಂದರೆ ಜುಲೈ ನಡುವಿನಿಂದ ಹಿಡಿಯುವ ಮಳೆಯ ತಿಂಗಳು. ಮದುವೆಯಾದ ಮೊದಲ ಆಟಿಯಲ್ಲಿ ಹೊಸ ಮದುಮಗಳು ತವರಿನಲ್ಲಿ ಹೋಗಿ ಕೂರಬೇಕು, ಗಂಡ ಆ ಕಡೆ ತಲೆ ಹಾಕುವಂತಿಲ್ಲ. ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದುಂಟು? ಸುಳ್ಯದಲ್ಲಿ ನಾನು ತವರಿಗೆ ಹೋದೆನೆಂದು ತಿಳಿಯುತ್ತಾರೆ. ತವರು ನರಿಮೊಗರಿಗೆ, ಇಲ್ಲಿ ಕೆಲಸ ಉಂಟು, ತಿಂಗಳ ಕೊನೆಗೆ ನಾನೇ ಬರುತ್ತೇನೆ, ಯಾರೂ ಬರುವುದು ಬೇಡ ಎಂದು ಹೇಳಿ ಕಳಿಸಿದೆವು. ಎರಡು ಮನೆಗಳ ನಡುವಿನ ಸಂದಿಯಲ್ಲಿ ನಾವು ಸಮುದ್ರ ದಾಟಿ ಬರುವುದು.

ಯಾರೂ ಬರುವುದು ಬೇಡ ಎಂಬುದನ್ನು ನಮ್ಮ ಕಡೆ ಯಾರಾದರೂ ನಿಜವೆಂದು ನಂಬುತ್ತಾರೆಯೇ? ಆಟಿಗೆ ಮಗಳು ತಾನಾಗಿ ಬರುವುದು ಎಂದರೆ ತವರಿಗೇ ಅವಮಾನ, ಕರೆಯಲು ಜನ ಹೋಗಲೇಬೇಕು. ಹುಟ್ಟಿದಾಗಿನಿಂದ ಇದನ್ನು ನೋಡಿಯೇ ಬೆಳೆದ ನನಗೆ ಅದು ಹೊಳೆಯಲೇ ಇಲ್ಲ. ನಾವು ಚಾಪೆಯ ಕೆಳಗೆ ನುಸುಳಿದರೆ ಅಮ್ಮ ರಂಗೋಲಿಯ ಕೆಳಗೆ ನುಸುಳಿದಳು. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಪ್ಯಾಂಟು ಹಾಕಿ ಜಗಲಿಯಲ್ಲಿ ಅತ್ತಿತ್ತ ನಡೆದು ನೋಡುತ್ತಿದ್ದೆ. ಕರೆಯಲು ಬಂದು ಕೊಡೆ ಮಡಚಿ ಅಂಗಳದಲ್ಲಿ ನಿಂತ ನನ್ನ ಅಣ್ಣ ನನ್ನನ್ನು ನೋಡಿದ, ಬೈಕಿಗೆ ಕಟ್ಟಿದ್ದ ಗಂಟು ನೋಡಿದ, ಇವರನ್ನು ನೋಡಿದ.

"ಅಮ್ಮ ಅಲ್ಲಿ ಕಾಯ್ತಾ ಉಂಟು," ಎಂದ. "ಸೀರೆ ಉಟ್ಟುಕೊ, ಬಸ್ಸು ತಪ್ಪಿದ್ರೆ ಕಷ್ಟ."

ಅಣ್ಣ ಆ ವಿಷಯವನ್ನು ಯಾರಿಗೂ ಹೇಳಲಿಲ್ಲ. ನಾನು ಇಡೀ ತಿಂಗಳು ತವರಿನಲ್ಲಿ ಕೂತು ಪತ್ರೊಡೆ ತಿಂದೆ, ಎಳೆ ಬಿದಿರಿನ ಕಣಿಲೆ ತಿಂದೆ. ಇಂದು ಹಡಗು, ಇಂದು ಬೆಟ್ಟ, ಇಂದು ಆ ಜಲಪಾತ ಎಂದು ಒಳಗೊಳಗೇ ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದೆ. ಗಂಡನ ನೆನಪಾಗಿ ಅಳುವುದೆಂದು ಅಮ್ಮ ತಿಳಿದು ಹಪ್ಪಳ ಸುಟ್ಟು ಕೊಡುತ್ತಿದ್ದಳು.

ಮೊದಲ ಆಟಿ ಒಬ್ಬಳಿಗೆ ಒಂದೇ ಸಲ ಬರುವುದು. ಮರುವರ್ಷ ಮಗು ತೊಟ್ಟಿಲಲ್ಲಿತ್ತು, ಅದು ನಡೆಯುವ ಹೊತ್ತಿಗೆ ಇನ್ನೊಂದು. ಬರುವ ವರ್ಷ ಖಂಡಿತ ಎಂದು ಇವರು ಪ್ರತಿ ಬೇಸಿಗೆಗೂ ಹೇಳಿದರು, ನಾನೂ ನಂಬಿದೆ. ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷವಾಗಿತ್ತು, ಸಿಲೋನಿನಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಇಟ್ಟ ಸುದ್ದಿ ರೇಡಿಯೋದಲ್ಲಿ ಬಂತು. ಮುಂದೆ ಹಡಗೂ ನಿಂತಿತು.

ಆಮೇಲೆ ಕಾಲನಿಗೆ ಹೋದಾಗ ನನ್ನ ಆ ಸ್ನೇಹಿತೆ ಸೊರಗಿದ್ದಳು. ಸಿಲೋನಿನಲ್ಲೇ ಉಳಿದ ಅವಳ ಅಣ್ಣನ ಸುದ್ದಿಯೇ ಇರಲಿಲ್ಲ. ನನ್ನ ಪ್ರವಾಸ ತಪ್ಪಿದ ಬೇಸರವನ್ನು ಹೊತ್ತುಕೊಂಡು ಹೋಗಿದ್ದ ನನಗೆ ಅದು ಅವಳ ಎದುರು ತೀರ ಸಣ್ಣದಾಗಿ ಕಂಡಿತು. ಇವರು ಕೊಟ್ಟಿಗೆಯೊಳಗೆ ಹೋದರು. ಅವಳು ಬೈಕಿನ ಸೀಟಿನ ಮೇಲೆ ಕೈ ಇಟ್ಟಳು.

"ನಿಮ್ಗೆ ಬಿಡ್ಲಿಕ್ಕೆ ಬರ್ತದಲ್ಲ ಅಕ್ಕ. ನನ್ನನ್ನು ಒಮ್ಮೆ ಕೂರಿಸಿ."

ಸೆರಗು ಬಿಗಿದು ಕಿಕ್ ಹೊಡೆದೆ. ಕಾಲನಿಯ ಹೆಂಗಸರು ಹೊರಗೆ ಬಂದು ನೋಡಿದರು. ಡಾಂಬರು ರಸ್ತೆಗೆ ಇಳಿದಾಗ ಬಸ್ಸಿಗೆ ಕಾಯುತ್ತಿದ್ದವರ ನಡುವೆ ಅತ್ತೆಯ ತಂಗಿ ನಿಂತಿದ್ದರು, ವೀಳ್ಯ ತುಂಬಿದ ಬಾಯಿ ಹಾಗೆಯೇ ತೆರೆದುಕೊಂಡಿತು. ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಆ ಹೊತ್ತಿಗೆ ನನಗೆ ಅದು ಏನೂ ಅನಿಸಲಿಲ್ಲ.

ತೋಟದ ಏರು ಹತ್ತುವಾಗ ಅವಳು ನನ್ನ ಸೊಂಟ ಹಿಡಿದು ಹಿಂದಿನಿಂದ ತಮಿಳಿನಲ್ಲಿ ಏನೇನೋ ಹೇಳುತ್ತಿದ್ದಳು, ನಡುನಡುವೆ ಬದುಳೆ ಎಂಬುದಷ್ಟೇ ನನಗೆ ತಿಳಿಯಿತು. ಕನ್ನಡಿಯಲ್ಲಿ ನೋಡಿದೆ, ಕಣ್ಣು ಮುಚ್ಚಿತ್ತು.

"ಇಲ್ಲಿ ಬಲಕ್ಕೆ ತಿರ್ಗಿಸಿ ಅಕ್ಕ," ಎಂದಳು. "ಮನೆ ಬಂತು."

ಬಲಕ್ಕೆ ದಾರಿಯೇ ಇರಲಿಲ್ಲ, ಬರೀ ರಬ್ಬರ್ ಮರಗಳು. ನಾನು ಬದಿಗೆ ತಂದು ನಿಲ್ಲಿಸಿದೆ. ಅವಳು ಕಣ್ಣು ಬಿಡುವವರೆಗೆ ಇಂಜಿನ್ ಆಫ್ ಮಾಡಲಿಲ್ಲ.