ಒಂದೇ ಉಸಿರಿನ ಹಂದಿಗಳು

ತಾತನ ಎಡಗಿವಿ ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಹಂದಿಯೊಂದು ಕಚ್ಚಿ ಹರಿದದ್ದು. ಉಳಿದ ಅಂಚು ಒಣಗಿದ ಎಲೆಯಂತೆ ಒಳಕ್ಕೆ ಮಡಚಿಕೊಂಡಿತ್ತು. ಆ ಕಿವಿಯನ್ನೇ ಅವರು ಹಂದಿಗಳ ಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿ, ಉಸಿರು ಕೇಳುತ್ತಿದ್ದರು. ಬಲಗಡೆ ಒಳ್ಳೆಯ ಕಿವಿ ಇದೆಯಲ್ಲ, ಅದರಲ್ಲಿ ಕೇಳಬಾರದೇ ಎಂದು ಒಮ್ಮೆ ಕೇಳಿದೆ. "ಅದು ಜನರ ಮಾತಿಗೆ," ಎಂದರು.

ಗರುಡಾಚಾರ್‌ಪಾಳ್ಯದಲ್ಲಿ, ಕಾರ್ಖಾನೆಗಳ ಹಿಂದೆ, ರಾಜಕಾಲುವೆಯ ಪಕ್ಕದಲ್ಲಿ ಅವರ ಹಂದಿದೊಡ್ಡಿ. ನನ್ನ ಸ್ವಂತ ತಾತನಲ್ಲ, ವಯಸ್ಸು ನೋಡಿ ಹಾಗೆ ಕರೆಯುತ್ತಿದ್ದೆ. ನಾನು ಪಶುವೈದ್ಯಕೀಯ ಓದು ಮುಗಿಸಿ ಸಂಶೋಧನೆಗೆ ಸೇರಿದ್ದ ಕಾಲ. ಸಾಕುಹಂದಿಗಳಲ್ಲಿ ರೋಗದೊಂದಿಗೆ ಹೋರಾಡುವ ಜೀನ್‌ಗಳು ಒಂದರಿಂದ ಇನ್ನೊಂದಕ್ಕೆ ಎಷ್ಟು ಬೇರೆಯಾಗಿರುತ್ತವೆ ಎಂದು ನೋಡುವುದು ನನ್ನ ಕೆಲಸ. ಅದಕ್ಕಾಗಿ ಪ್ರತಿ ಹಂದಿಯ ಕಿವಿಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆಯುತ್ತಿದ್ದೆ. ಜೋಗುಪಾಳ್ಯದ ಮನೆಗೆ ಮರಳಿದರೆ ಸ್ನಾನವಾಗುವವರೆಗೆ ಅಮ್ಮ ನನ್ನನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ತಾತ ಬೆಳಿಗ್ಗೆ ಹತ್ತಕ್ಕೆ ಇಂದಿರಾನಗರದ ಹೋಟೆಲುಗಳ ಮುಸುರೆ ತುಂಬಿದ ಡ್ರಮ್ಮುಗಳೊಂದಿಗೆ ಬರುತ್ತಿದ್ದರು. ಅವರು ಗೇಟು ಮುಟ್ಟಿದ ಕೂಡಲೇ, ಅಷ್ಟು ಹೊತ್ತು ಕಿರುಚಾಡುತ್ತಿದ್ದ ಹಂದಿಗಳು ಒಮ್ಮೆಲೇ ಸುಮ್ಮನಾಗುತ್ತಿದ್ದವು. ಹಸಿದ ಹಂದಿ ಊಟ ಬಂದಾಗ ಸುಮ್ಮನಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಎಲ್ಲದರ ಪಕ್ಕೆಗೂ ಕಿವಿಯಿಟ್ಟು ಮುಗಿಸುವವರೆಗೆ ಆ ಮೌನ ಹಾಗೇ ಇರುತ್ತಿತ್ತು.

ಪ್ರತಿ ವರ್ಷ ಯುಗಾದಿ ಕಳೆದ ವಾರ ತಾತ ತಮ್ಮ ಗಂಡುಹಂದಿಯ ಕಾಲಿಗೆ ಹಗ್ಗ ಕಟ್ಟಿ, ಕೆ.ಆರ್. ಪುರದ ತೂಗುಸೇತುವೆಯ ಆಚೆಗಿದ್ದ ಇನ್ನೊಬ್ಬ ಹಂದಿ ಸಾಕುವವನ ಬಳಿ ನಡೆಸಿಕೊಂಡು ಹೋಗುತ್ತಿದ್ದರು. ಅದನ್ನು ಅಲ್ಲಿ ಬಿಟ್ಟು, ಅವನ ಗಂಡುಹಂದಿಯನ್ನು ತರುವುದು ಅವರಪ್ಪನ ಕಾಲದ ಪದ್ಧತಿ. ಹಿಂದೆ ಕ್ಯಾಬುಗಳು ಹಾರ್ನ್ ಹೊಡೆದು ಸಾಯುತ್ತಿದ್ದರೂ ತಾತ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಅವರ ದೊಡ್ಡಿಯಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಕಪ್ಪು, ಕಂದು, ಚುಕ್ಕೆಯದು, ಉದ್ದ ಮೂತಿಯದು, ಮೊಂಡು ಮೂತಿಯದು.

ನನಗೆ ಬುದ್ಧಿ ಸ್ವಲ್ಪ ಜಾಸ್ತಿಯಾಗಿತ್ತು. ಮಂಡಿನೋವು ಇಟ್ಟುಕೊಂಡು ಯಾಕೆ ಈ ಅಲೆದಾಟ, ಬೇಗ ಬೆಳೆಯುವ ಬಿಳಿ ತಳಿ ಕೊಡಿಸುತ್ತೇನೆ, ಅದನ್ನೇ ಇಟ್ಟುಕೊಳ್ಳಿ ಎಂದೆ. "ಓದಿರೋರು ನೀವು ಹೇಳ್ತಾ ಇದ್ದೀರ," ಎಂದು ತಾತ ಕೊನೆಗೆ ಒಪ್ಪಿದರು. ಗಂಡನ್ನು ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡು, ಒಂದು ಗಂಡು, ಅದರ ಜೊತೆ ಹುಟ್ಟಿದ ಎರಡು ಹೆಣ್ಣು ತರಿಸಿಕೊಟ್ಟೆ. ಮೂರು ವರ್ಷದಲ್ಲಿ ದೊಡ್ಡಿ ತುಂಬ ಬಿಳಿ ಹಂದಿಗಳು, ಒಂದೇ ಅಚ್ಚಿನಲ್ಲಿ ತೆಗೆದಂಥ ಮುಖಗಳು. ಹಳೆಯದೆಂದು ಉಳಿದದ್ದು ಒಂದು ಕಪ್ಪು ಹೆಣ್ಣುಹಂದಿ ಮಾತ್ರ.

ಒಂದು ಬೆಳಿಗ್ಗೆ ತಾತ ನನ್ನನ್ನು ಕರೆದು ತೋರಿಸಿದರು. ಬಿಳಿ ಹಂದಿಗಳು ಸಾಲಾಗಿ ಮಲಗಿದ್ದವು. ಹದಿನೆಂಟು ಹೊಟ್ಟೆಗಳೂ ಒಟ್ಟಿಗೆ ಏರಿ, ಒಟ್ಟಿಗೆ ಇಳಿಯುತ್ತಿದ್ದವು. "ಕೇಳ್ನೋಡಿ ಡಾಕ್ಟ್ರಮ್ಮ. ಎಲ್ಲಾ ಸೇರಿ ಒಂದೇ ಉಸಿರು ಬಿಡ್ತಾವೆ." ಸೆಕೆಗೆ ಹಾಗನ್ನಿಸುತ್ತದೆ ತಾತ ಎಂದು ನಕ್ಕೆ. ಅವರು ನಗಲಿಲ್ಲ.

ಆ ತಿಂಗಳೇ ಪ್ರಯೋಗಾಲಯದ ಫಲಿತಾಂಶ ಬಂತು. ಹಳೆಯ ಹಂದಿಗಳಲ್ಲಿ ರೋಗನಿರೋಧಕ ಜೀನ್‌ಗಳು ಒಂದೊಂದರಲ್ಲೂ ಒಂದೊಂದು ಥರ. ಬಿಳಿಯವುಗಳಲ್ಲಿ ಹೆಚ್ಚುಕಡಿಮೆ ಒಂದೇ. ಯಾವುದಾದರೂ ರೋಗ ಒಂದನ್ನು ಬೀಳಿಸಿದರೆ ಎಲ್ಲವನ್ನೂ ಬೀಳಿಸಬಹುದು. ನಾನು ತಪ್ಪು ಮಾಡಿದೆ, ಹೊಸ ಗಂಡು ತನ್ನಿ ಎಂದು ಹೋಗಿ ಹೇಳಬೇಕಿತ್ತು. ನಾಚಿಕೆಯಾಯಿತು. ಮುಂದಿನ ವಾರ ಹೇಳೋಣ ಎಂದುಕೊಳ್ಳುತ್ತಲೇ ಮಳೆಗಾಲ ಬಂತು, ಮಹದೇವಪುರದ ರಸ್ತೆಗಳ ಜೊತೆ ರಾಜಕಾಲುವೆಯೂ ಉಕ್ಕಿತು. ನೀರು ಇಳಿದ ಮೇಲೆ ಹಂದಿಗಳಿಗೆ ಜ್ವರ ಬಂತು.

ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಹದಿನೆಂಟೂ ಸತ್ತಿದ್ದವು. ಎಲ್ಲವೂ ಎಡಮಗ್ಗುಲಿಗೆ, ಎಲ್ಲದರ ಮೂತಿಯೂ ಗೇಟಿನ ಕಡೆಗೆ. ಮೂಲೆಯಲ್ಲಿ ಕಪ್ಪು ಹಂದಿಯೊಂದೇ ನಿಂತು ಏನನ್ನೋ ಅಗಿಯುತ್ತಿತ್ತು. ಅದನ್ನು ಉಳಿಸಿದ್ದು ಜೀನ್‌ಗಳೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಮುಚ್ಚಿಟ್ಟದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ.

"ನಿಮಗೆ ಮೊದ್ಲೇ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು ತಾತ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸತ್ತ ಹಂದಿಯೊಂದರ ಪಕ್ಕೆಗೆ ತಾತ ಆ ಅರ್ಧ ಕಿವಿಯನ್ನು ಇಟ್ಟು, ಬಹಳ ಹೊತ್ತು ಕೇಳಿದರು. ಆಮೇಲೆ ಅಂದರು: "ಒಂದಕ್ಕೆ ಗೊತ್ತಿಲ್ದೇ ಇದ್ದಿದ್ದು ಇನ್ನೊಂದಕ್ಕೂ ಗೊತ್ತಿರ್ಲಿಲ್ಲ, ಪಾಪ."

ಮುಂದಿನ ಯುಗಾದಿಗೆ ಸೇತುವೆಯಾಚೆಯಿಂದ ಚುಕ್ಕೆಯ ಗಂಡೊಂದನ್ನು ನಡೆಸಿಕೊಂಡು ಬಂದರು. ಕಪ್ಪು ಹಂದಿ ಮರಿ ಹಾಕಿತು. ಅದೇ ಚಳಿಗಾಲದಲ್ಲಿ ತಾತ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ, "ಗಂಡು ಬದಲಾಯ್ಸೋದು ಮರೀಬೇಡಿ ಡಾಕ್ಟ್ರಮ್ಮ," ಎಂದಷ್ಟೇ ಹೇಳಿದ್ದರು.

ಈಗ ದೊಡ್ಡಿ ಅವರ ಮಗಳದ್ದು. ಯುಗಾದಿಯ ನಂತರದ ವಾರ ನಾನು ರಜೆ ಹಾಕಿ, ಆಕೆಯೊಂದಿಗೆ ಸೇತುವೆಯಾಚೆಗೆ ಗಂಡುಹಂದಿ ಬದಲಾಯಿಸಲು ಹೋಗುತ್ತೇನೆ. ಹಂದಿಗಳ ಮುಖಗಳು ಮತ್ತೆ ಬೇರೆಬೇರೆಯಾಗಿವೆ. ಮುಸುರೆ ಈಗ ಸಂಜೆ ಬರುತ್ತದೆ. ಆದರೂ ಬೆಳಿಗ್ಗೆ ಹತ್ತಕ್ಕೆ, ಗೇಟು ಯಾರೂ ಮುಟ್ಟದೆಯೇ, ಹಂದಿಗಳು ಒಮ್ಮೆಲೇ ಸುಮ್ಮನಾಗುತ್ತವೆ. ತಾತನನ್ನು ನೋಡಿಯೇ ಇರದ ಮರಿಗಳೂ ಸುಮ್ಮನಾಗುತ್ತವೆ. ಒಂದೊಂದೇ ಹಂದಿ ಗೇಟಿನ ಒಳಗೆ, ತಾತ ಇರುತ್ತಿದ್ದ ಖಾಲಿ ಜಾಗಕ್ಕೆ ಪಕ್ಕೆ ಒಡ್ಡಿ ನಿಲ್ಲುತ್ತದೆ, ಆಮೇಲೆ ಸರಿದು ಇನ್ನೊಂದಕ್ಕೆ ಜಾಗ ಬಿಡುತ್ತದೆ.

ಈ ವರ್ಷವೂ ಬದಲಾಯಿಸಿದ್ದೇನೆ ತಾತ ಎಂದು ನಾನು ಆ ಖಾಲಿ ಜಾಗಕ್ಕೆ ಹೇಳುತ್ತೇನೆ. ಕೊನೆಯ ಹಂದಿಯೂ ಸರಿದ ಮೇಲೆ ಉಸಿರಾಟದ ಸದ್ದು ಮತ್ತೆ ಶುರುವಾಗುತ್ತದೆ, ಒಂದೊಂದರದೂ ಬೇರೆ ಬೇರೆ.